ಇಂಜಿನಿಯರ್ ಕುಮಾರಿ ಎಡಿತ್ ಕ್ಲಾರ್ಕ್

ದೂರದ ಊರಿಗೆ ಕೊಟ್ಟ ಮಗಳ ಸ್ವರವನ್ನು ಟೆಲಿಫೋನಿನಲ್ಲಿ ಕೇಳಿ ಸಂತೋಷಪಡುವ ತಾಯಿಯು, ಆ ಸ್ವರವು ಅಷ್ಟು ದಾರಿಯನ್ನು ಹೇಗೆ ಕ್ರಮಿಸಿ ಬಂದಿತೆಂದು ಯೋಚಿಸುವುದು ಅಪರೂಪ. ಈಗಂತೂ ತಂತಿಯ ಹಂಗಿಲ್ಲದ ಟೆಲಿಫೋನು ಎಲ್ಲರ ಕೈಯಲ್ಲಿಯೂ ಇರುವುದರಿಂದ ಅದು ಗಾಳಿ ಬೆಳಕುಗಳಷ್ಟೇ ಸಹಜವಾಗಿ ತೋರುತ್ತದೆ. ಆದರೆ ಮಾತು ತಂತಿಯಲ್ಲಿ ದೂರ ಹೋದ ಹಾಗೆಲ್ಲಾ ಕುಗ್ಗಿ, ಒಂದಕ್ಷರವು ಇನ್ನೊಂದರೊಳಗೆ ಕಲಸಿಹೋಗಿ, ಕೊನೆಗೆ ಅರ್ಥವಾಗದ ಗೊಣಗಾಟವಾಗುತ್ತಿದ್ದ ಕಾಲವೊಂದಿತ್ತು. ಆ ತೊಡಕನ್ನು ಬಿಡಿಸಿದ್ದು ಗಣಿತಶಾಸ್ತ್ರವು. ಅದಕ್ಕೆ ಬೇಕಾದ ಸಾವಿರಾರು ಲೆಕ್ಕಗಳನ್ನು ದಿನವಿಡೀ ಮೇಜಿನ ಮುಂದೆ ಕುಳಿತು ಮಾಡಿದವರಲ್ಲಿ ಅನೇಕರು ಹೆಂಗಸರು. ಯಾವ ಚರಿತ್ರೆಯಲ್ಲಿಯೂ ಅವರ ಹೆಸರಿಲ್ಲ. ಅವರೊಳಗಿಂದ ಎದ್ದುಬಂದು, ಇಂಜಿನಿಯರ್ ಎಂಬ ಹೆಸರನ್ನು ತನ್ನ 39ನೆಯ ವಯಸ್ಸಿನಲ್ಲಿ ಸಂಪಾದಿಸಿದ ಒಬ್ಬಾಕೆಯ ಜೀವಿತವನ್ನು ನಮ್ಮ ವಿದ್ಯಾರ್ಥಿನಿಯರಿಗಾಗಿ ಇಲ್ಲಿ ಬರೆಯುತ್ತೇನೆ.

ಎಡಿತ್ ಕ್ಲಾರ್ಕಳು 1883ನೆಯ ಇಸವಿ ಫೆಬ್ರವರಿ 10ನೆಯ ತಾರೀಖು, ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮೇರಿಲ್ಯಾಂಡಿನ ಹೋವರ್ಡ್ ಕೌಂಟಿಯಲ್ಲಿ ಒಂದು ಒಕ್ಕಲು ಮನೆಯಲ್ಲಿ ಹುಟ್ಟಿದಳು. ತಂದೆಯು ವಕೀಲ. ಒಂಬತ್ತು ಮಂದಿ ಮಕ್ಕಳ ದೊಡ್ಡ ಸಂಸಾರ. ಅಂಥ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಓದು ಬರಹ, ಸಂಗೀತ, ಮನೆವಾರ್ತೆ ಇಷ್ಟು ಬಂದರೆ ಸಾಕು, ಮುಂದೆ ಮದುವೆಯುಂಟು ಎಂಬುದೇ ಆಗಿನ ರೂಢಿಯಾಗಿತ್ತು. ಈ ವಿಷಯದಲ್ಲಿ ಆ ದೇಶಕ್ಕೂ ನಮ್ಮ ದೇಶಕ್ಕೂ ಆಗ ಹೆಚ್ಚಿನ ಅಂತರವಿರಲಿಲ್ಲವೆಂದೇ ಹೇಳಬೇಕು. ಎಡಿತಳಿಗೆ 12 ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಹುಡುಗಿಯು ಬಂಧುಗಳ ಪೋಷಣೆಗೆ ಬಂದಳು. ವಸತಿ ಶಾಲೆಯೊಂದರಲ್ಲಿ ಕಲಿತಳು.

ಪ್ರಾಯಕ್ಕೆ ಬಂದಾಗ ತಂದೆತಾಯಿಗಳ ಆಸ್ತಿಯಲ್ಲಿ ಆಕೆಗೊಂದು ಪಾಲು ದೊರೆಯಿತು. ಹುಡುಗಿಯ ಕೈಗೆ ಹಣ ಬಂದರೆ ಅದು ಮದುವೆಗೆಂದು ಎತ್ತಿಡತಕ್ಕದ್ದೆಂದು ಎಣಿಸುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆ. ಎಡಿತಳಾದರೋ ಅದನ್ನು ವಿದ್ಯೆಗೆ ವೆಚ್ಚ ಮಾಡುವೆನೆಂದು ನಿಶ್ಚಯಿಸಿ, ನ್ಯೂಯಾರ್ಕ್ ಸಂಸ್ಥಾನದ ವಾಸರ್ ಕಾಲೇಜನ್ನು ಸೇರಿದಳು. ಈ ಕಾಲೇಜು 1865ರಲ್ಲಿ ಸ್ತ್ರೀಯರಿಗಾಗಿಯೇ ತೆರೆಯಲ್ಪಟ್ಟದ್ದು. 1847ರಲ್ಲಿ ಒಂದು ಧೂಮಕೇತುವನ್ನು ಕಂಡುಹಿಡಿದು ಪ್ರಸಿದ್ಧಳಾದ ಮರಿಯಾ ಮಿಚೆಲಳು ಅದರ ಮೊದಲ ಖಗೋಳಶಾಸ್ತ್ರದ ಅಧ್ಯಾಪಿಕೆಯಾಗಿದ್ದಳು. ಹೀಗೆ ಹೆಣ್ಣುಮಕ್ಕಳು ಆಕಾಶವನ್ನಳೆಯುವುದು ವಿಚಿತ್ರವೆನಿಸದ ಸ್ಥಳ ಅದು. ಎಡಿತಳು ಅಲ್ಲಿ ಗಣಿತವನ್ನೂ ಖಗೋಳಶಾಸ್ತ್ರವನ್ನೂ ಓದಿ, 1908ರಲ್ಲಿ, ತನ್ನ 25ನೆಯ ವಯಸ್ಸಿನಲ್ಲಿ, ಗೌರವ ಶ್ರೇಣಿಯಲ್ಲಿ ತೇರ್ಗಡೆಯಾದಳು. ಆಸ್ತಿಯ ಪಾಲು ಪದವಿಯಾಗಿ ಮಾರ್ಪಟ್ಟಿತು.

ಓದಿದ ಹೆಣ್ಣಿಗೆ ಅಂದು ತೆರೆದಿದ್ದ ಬಾಗಿಲು ಒಂದೇ. ಅದು ಪಾಠಶಾಲೆಯ ಬಾಗಿಲು. ಎಡಿತಳು ಮೊದಲು ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಬಾಲಿಕೆಯರ ಶಾಲೆಯಲ್ಲಿಯೂ, ಅನಂತರ ವೆಸ್ಟ್ ವರ್ಜೀನಿಯ ಸಂಸ್ಥಾನದ ಮಾರ್ಷಲ್ ಕಾಲೇಜಿನಲ್ಲಿಯೂ ಉಪಾಧ್ಯಾಯಿನಿಯಾಗಿದ್ದಳು. ಉಪಾಧ್ಯಾಯಿನಿಯ ಕೆಲಸವು ಕೀಳೆಂದು ಆಕೆ ಬಿಟ್ಟವಳಲ್ಲ; ಮುಂದೆ ಎರಡು ಸಾರಿ ಅದಕ್ಕೇ ಹಿಂದಿರುಗಿದಳೆಂಬುದನ್ನು ನೋಡುವೆವು. ಆದರೆ ಕಲಿತ ಗಣಿತವನ್ನು ಕರಿಹಲಗೆಯ ಮೇಲೆ ಬರೆದು ಅಳಿಸುವುದರ ಜೊತೆಗೆ ಅದರಿಂದ ಏನನ್ನಾದರೂ ಕಟ್ಟಬೇಕೆಂಬ ಹಂಬಲವು ಆಕೆಯನ್ನು ಬಿಡಲಿಲ್ಲ. 1911ರಲ್ಲಿ, 28 ವರ್ಷದ ಈ ಉಪಾಧ್ಯಾಯಿನಿಯು ಮತ್ತೆ ವಿದ್ಯಾರ್ಥಿನಿಯಾಗಿ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಸಿವಿಲ್ ಇಂಜಿನಿಯರಿಂಗ್ ತರಗತಿಗೆ ಸೇರಿದಳು.

ಮರುವರ್ಷದ ಬೇಸಿಗೆಯ ರಜೆಯಲ್ಲಿ ನ್ಯೂಯಾರ್ಕ್ ನಗರದ ಅಮೇರಿಕನ್ ಟೆಲಿಫೋನ್ ಅಂಡ್ ಟೆಲಿಗ್ರಾಫ್ ಕಂಪೆನಿಯಲ್ಲಿ ಆಕೆಗೊಂದು ಕೆಲಸ ಸಿಕ್ಕಿತು. ಆ ಉದ್ಯೋಗದ ಹೆಸರು ಕಂಪ್ಯೂಟರ್. ಇದನ್ನೋದಿ ನಮ್ಮ ಹುಡುಗಿಯರು ಆಶ್ಚರ್ಯಪಡಬಹುದು. ಆ ಶಬ್ದವು ಆಗ ಯಂತ್ರದ ಹೆಸರಾಗಿರಲಿಲ್ಲ. ಲೆಕ್ಕ ಮಾಡುವ ಮನುಷ್ಯರ ಹೆಸರಾಗಿತ್ತು. ಇಂಜಿನಿಯರನು ಸಮೀಕರಣವನ್ನು ಬರೆದು ಕೊಡುವನು. ಲೆಕ್ಕಗಾರ್ತಿಯು ಅದರಲ್ಲಿ ಸಂಖ್ಯೆಗಳನ್ನಿಟ್ಟು, ಕೋಷ್ಟಕಗಳನ್ನು ನೋಡಿ, ಗುಣಿಸಿ ಭಾಗಿಸಿ, ಉತ್ತರವನ್ನು ತಂದೊಪ್ಪಿಸುವಳು. ಒಂದು ಸ್ಥಾನ ತಪ್ಪಿದರೆ ದಿನದ ಕೆಲಸವೆಲ್ಲಾ ವ್ಯರ್ಥ. ರಜೆ ಮುಗಿಯಿತು, ಎಡಿತಳು ವಿಸ್ಕಾನ್ಸಿನ್ನಿಗೆ ಹಿಂದಿರುಗಲಿಲ್ಲ.

ಇದಕ್ಕೆ ಕಾರಣವು ಜಾರ್ಜ್ ಕ್ಯಾಂಪ್‌ಬೆಲ್ಲರ ಕೆಳಗೆ ಆಕೆಗೆ ದೊರೆತ ಕೆಲಸವೇ. ಟೆಲಿಫೋನಿನ ತಂತಿಯಲ್ಲಿ ಅಲ್ಲಲ್ಲಿ ಗೊತ್ತಾದ ಅಂತರಗಳಲ್ಲಿ ಸುರುಳಿಗಳನ್ನು ಸೇರಿಸಿದರೆ ಮಾತು ಕೆಡದೆ ಬಹುದೂರ ಹೋಗುವುದೆಂದು ಗಣಿತದ ಬಲದಿಂದ ತೋರಿಸಿದವರಲ್ಲಿ ಕ್ಯಾಂಪ್‌ಬೆಲ್ಲರು ಒಬ್ಬರು. ಒಂದರೊಡನೊಂದು ಬೆರೆತು ಬರುವ ಅನೇಕ ವಿದ್ಯುತ್ತರಂಗಗಳೊಳಗೆ ಬೇಕಾದುದನ್ನು ಮಾತ್ರ ಬಿಟ್ಟು ಉಳಿದವನ್ನು ತಡೆಯುವ ಸೋಸುವ ಸಾಧನವನ್ನೂ ಅವರು ಕಂಡುಹಿಡಿದರು. 1917ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಇಂದು ನಮ್ಮ ಕೈಯೊಳಗಿನ ಟೆಲಿಫೋನು ಆಕಾಶದಲ್ಲಿ ತುಂಬಿರುವ ಲೆಕ್ಕವಿಲ್ಲದ ಅಲೆಗಳಲ್ಲಿ ತನ್ನದನ್ನೇ ಆರಿಸಿಕೊಳ್ಳುವುದು ಇದೇ ಸೋಸುವ ತತ್ತ್ವದಿಂದ. ಎಡಿತಳು ಈ ಗಣಿತವನ್ನು ಅದು ಹುಟ್ಟಿದ ಮನೆಯಲ್ಲಿಯೇ ಕಲಿತಳು. ಕೆಲವು ಕಾಲದಲ್ಲಿ ಲೆಕ್ಕಗಾರ್ತಿಯರ ಒಂದು ತಂಡಕ್ಕೆ ಶಿಕ್ಷಣ ಕೊಟ್ಟು ಅದನ್ನು ನಡೆಸುವ ಭಾರವೂ ಆಕೆಯ ಮೇಲೆ ಬಿತ್ತು. 1914ರಲ್ಲಿ ಆರಂಭವಾದ ಮಹಾಯುದ್ಧದ ಕಾಲದಲ್ಲಿಯೂ ಆಕೆ ಇದೇ ಕೆಲಸದಲ್ಲಿದ್ದಳು. ಹಗಲು ಕಚೇರಿ; ಸಂಜೆ ಹಂಟರ್ ಕಾಲೇಜಿನಲ್ಲಿ ರೇಡಿಯೋ ವಿದ್ಯೆ, ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಶಾಸ್ತ್ರ.

1915ನೆಯ ಇಸವಿ ಜನವರಿ 25ನೆಯ ತಾರೀಖು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ, ಒಂದು ಸಮುದ್ರತೀರದಿಂದ ಇನ್ನೊಂದು ಸಮುದ್ರತೀರಕ್ಕೆ, ಟೆಲಿಫೋನು ಮಾರ್ಗವು ವಿಧಿವತ್ತಾಗಿ ತೆರೆಯಲ್ಪಟ್ಟಿತು. ಟೆಲಿಫೋನನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ನ್ಯೂಯಾರ್ಕಿನಲ್ಲಿ ಕುಳಿತು, ತಮ್ಮ ಹಳೆಯ ಸಹಾಯಕ ವಾಟ್ಸನರೊಡನೆ 3,000 ಮೈಲಿಗಳಿಗೂ ಮೀರಿದ ದೂರದಲ್ಲಿ ಮಾತನಾಡಿದರು. ಒಂದು ತುದಿಯು ಎಡಿತಳು ಪಾಠ ಹೇಳಿದ ಊರು. ಇನ್ನೊಂದು ತುದಿಯು ಆಕೆ ಲೆಕ್ಕ ಮಾಡುತ್ತಿದ್ದ ಊರು.

ಮೇಲ್ವಿಚಾರಕಿಯಾಗಿ ಅಲ್ಲಿಯೇ ಇದ್ದಿದ್ದರೆ ಆಕೆಯ ದಿನಗಳು ಸುಖವಾಗಿಯೇ ಕಳೆಯುತ್ತಿದ್ದವು. ಆದರೆ 1918ರಲ್ಲಿ, 35ನೆಯ ವಯಸ್ಸಿನಲ್ಲಿ, ಕೆಲಸವನ್ನು ಬಿಟ್ಟು ಮಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸೇರಿದಳು. ಆ ಸಂಸ್ಥೆಯು ಮೊಟ್ಟಮೊದಲು ಸೇರಿಸಿಕೊಂಡ ಸ್ತ್ರೀಯಾದ ಎಲೆನ್ ಸ್ವಾಲೋ ಸಹ ವಾಸರ್ ಕಾಲೇಜಿನವಳೇ. 1873ರಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದಿದ್ದಳು. ಎಡಿತಳು ಆರ್ಥರ್ ಕೆನಲಿ ಎಂಬ ವಿಖ್ಯಾತ ವಿದ್ವಾಂಸರ ಮಾರ್ಗದರ್ಶನದಲ್ಲಿ ಪ್ರಬಂಧವನ್ನು ಬರೆದು, 1919ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನಲ್ಲಿ ಎಂ.ಎಸ್. ಪದವಿಯನ್ನು ಪಡೆದಳು. ಆ ವಿಷಯದಲ್ಲಿ ಅಲ್ಲಿ ಆ ಪದವಿಯನ್ನು ಪಡೆದ ಪ್ರಥಮ ಸ್ತ್ರೀ ಆಕೆಯೇ. ಅಮೇರಿಕದ ಸ್ತ್ರೀಯರಿಗೆ ದೇಶಕ್ಕೆಲ್ಲಾ ಅನ್ವಯಿಸುವ ಮತದಾನದ ಹಕ್ಕು ಇದರ ಮರುವರ್ಷ, 1920ರಲ್ಲಿ ದೊರೆಯಿತೆಂಬುದನ್ನು ವಾಚಕರು ನೆನೆಯಬೇಕು.

ಪದವಿ ಕೈಗೆ ಬಂದಿತು, ಕೆಲಸ ಬರಲಿಲ್ಲ. ಇಂಜಿನಿಯರಾಗಿ ನೇಮಿಸಿಕೊಳ್ಳುವವರು ಯಾರೂ ಸಿಕ್ಕಲಿಲ್ಲ. ವಿದ್ಯೆ ಸಾಲದೆಂದಲ್ಲ, ಅನುಭವ ಸಾಲದೆಂದಲ್ಲ. ಆ ಹೆಸರಿನಲ್ಲಿ ಹೆಂಗಸನ್ನು ಇಟ್ಟುಕೊಳ್ಳುವ ವಾಡಿಕೆ ಇರಲಿಲ್ಲ, ಅಷ್ಟೇ. ಕಡೆಗೆ ಸ್ಕೆನೆಕ್ಟಡಿ ನಗರದ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ಆಕೆಯನ್ನು ತೆಗೆದುಕೊಂಡಿತು. ಕೊಟ್ಟ ಸ್ಥಾನವಾದರೋ ಹಳೆಯದೇ. ಟರ್ಬೈನ್ ಯಂತ್ರಗಳ ವಿಭಾಗದಲ್ಲಿ ಲೆಕ್ಕಗಾರ್ತಿಯರ ಮೇಲ್ವಿಚಾರಣೆ. ಏಳು ವರ್ಷಗಳ ಹಿಂದೆ ಎಲ್ಲಿ ಆರಂಭಿಸಿದ್ದಳೋ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಂತಂತಾಯಿತು.

ಈ ಕಂಪೆನಿಯ ಹೆಸರು ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ 90 ಮೈಲಿಗಳಿಗೂ ಹೆಚ್ಚು ದೂರ ವಿದ್ಯುಚ್ಛಕ್ತಿಯನ್ನು ಒಯ್ದಾಗ, ಅದಕ್ಕೆ ಬೇಕಾದ ವಿದ್ಯುದ್ಯಂತ್ರಗಳನ್ನು ಮೈಸೂರು ಸರಕಾರಕ್ಕೆ ಒದಗಿಸಿದ್ದು ಇದೇ ಕಂಪೆನಿ. ಆ ಕಾಲಕ್ಕೆ ಅದು ಲೋಕದ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲೊಂದಾಗಿತ್ತು. ಅಂಥ ಮಾರ್ಗದ ವಿಷಯದಲ್ಲಿ ತಿಳಿಯಬೇಕಾದ ಸಂಗತಿಯೊಂದುಂಟು. ಕಾಲುವೆಯ ತಲೆಯಲ್ಲಿ ಬಿಟ್ಟ ನೀರೆಲ್ಲವೂ ಬಾಲದ ಗದ್ದೆಗೆ ಮುಟ್ಟುವುದಿಲ್ಲವೆಂಬುದನ್ನು ಒಕ್ಕಲು ಮಕ್ಕಳು ಬಲ್ಲರು. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಅದು ಇಂಗುತ್ತದೆ, ಸೋರುತ್ತದೆ, ನಿಲ್ಲುತ್ತದೆ. ಉದ್ದವಾದ ತಂತಿಯಲ್ಲಿ ವಿದ್ಯುತ್ತಿನ ಪಾಡೂ ಹಾಗೆಯೇ. ಅದರ ಒತ್ತಡವೂ ಪ್ರವಾಹವೂ ಗಜಗಜಕ್ಕೂ ಬದಲಾಗುತ್ತಿರುತ್ತವೆ. ಆದದ್ದರಿಂದ ಇನ್ನೂರು ಮೈಲಿಯಾಚೆ ಎಷ್ಟು ಶಕ್ತಿ ಮುಟ್ಟುವುದೆಂಬುದನ್ನು ತಿಳಿಯಲು ಸಾಮಾನ್ಯ ಕೂಡು ಕಳೆಗಳು ಸಾಲವು. ಹೈಪರ್‌ಬೋಲಿಕ್ ಎಂಬ ಹೆಸರಿನ ಕ್ಲಿಷ್ಟವಾದ ಗಣಿತ ಬೇಕು. ಇದರಲ್ಲಿ ಮಹಾಪಂಡಿತರು ಕೆನಲಿಯವರು. ಅವರು ಅದಕ್ಕಾಗಿ ದೊಡ್ಡ ಕೋಷ್ಟಕಗಳನ್ನೇ ಪ್ರಕಟಿಸಿದ್ದರು. ಟೆಲಿಫೋನಿನ ತಂತಿಗೂ ವಿದ್ಯುಚ್ಛಕ್ತಿಯ ತಂತಿಗೂ ಸಮೀಕರಣಗಳು ಮೂಲದಲ್ಲಿ ಒಂದೇ. ನ್ಯೂಯಾರ್ಕಿನಲ್ಲಿ ಮಾತನ್ನು ಸಾಗಿಸುವ ತಂತಿಯ ಲೆಕ್ಕವನ್ನು ಕಲಿತವಳಿಗೆ ಸ್ಕೆನೆಕ್ಟಡಿಯಲ್ಲಿ ಶಕ್ತಿಯನ್ನು ಸಾಗಿಸುವ ತಂತಿಯ ಲೆಕ್ಕವು ಹೊಸದಾಗಿ ತೋರಲಿಲ್ಲ.

ಅಲ್ಲಿ ಆಕೆಗೆ ವಹಿಸಿದ್ದ ಕೆಲಸವು ಯಂತ್ರದ ಚಕ್ರಗಳ ಮೇಲೆ ಬೀಳುವ ಒತ್ತಡವನ್ನು ಎಣಿಸುವುದೇ ಹೊರತು ವಿದ್ಯುತ್ ಮಾರ್ಗಗಳದ್ದಲ್ಲ. ಹೀಗಿದ್ದರೂ ಆಕೆ ತಂತಿಯ ಲೆಕ್ಕವನ್ನು ಕೈಬಿಡದೆ, 1921ರಲ್ಲಿ ಒಂದು ರೇಖಾಪಟದ ರೂಪದ ಉಪಕರಣವನ್ನು ಕಲ್ಪಿಸಿ ಅದಕ್ಕೆ ಪೇಟೆಂಟ್ ಬೇಡಿ ಅರ್ಜಿ ಹಾಕಿದಳು. ಗಂಟೆಗಟ್ಟಲೆ ಕೋಷ್ಟಕಗಳೊಡನೆ ಹೆಣಗಬೇಕಾಗಿದ್ದ ಸಮೀಕರಣಗಳ ಉತ್ತರವನ್ನು ಇದರ ಗೆರೆಗಳ ಮೇಲೆ ನೇರವಾಗಿ ಓದಿಕೊಳ್ಳಬಹುದಾಗಿತ್ತು. 250 ಮೈಲಿಯವರೆಗಿನ ಮಾರ್ಗಗಳಿಗೆ ಇದು ಸಾಕಾಗುತ್ತಿತ್ತು. ಹಿಂದಿನ ಕ್ರಮಗಳಿಗಿಂತ ಹತ್ತರಷ್ಟು ಬೇಗ ಕೆಲಸ ಮುಗಿಯುತ್ತಿತ್ತು. ಲೆಕ್ಕಗಾರ್ತಿಯರ ಬೆನ್ನುನೋವನ್ನು ತಾನೇ ಅನುಭವಿಸಿದವಳಿಗೆ ಮಾತ್ರ ತೋಚುವಂಥ ಉಪಾಯವಿದು ಎಂದು ನನಗನ್ನಿಸುತ್ತದೆ.

ಉಪಕರಣವನ್ನು ಮಾಡಿದ್ದಾಯಿತು, ಸ್ಥಾನಮಾನವು ಇದ್ದಂತೆಯೇ ಇತ್ತು. ಅದೇ ಅರ್ಹತೆಯ ಗಂಡಸರಿಗಿದ್ದ ಸಂಬಳವೂ ಇಲ್ಲ, ಹೆಸರೂ ಇಲ್ಲ, ತಾನು ಕಲಿತ ವಿದ್ಯುತ್ ಶಾಸ್ತ್ರದ ಕೆಲಸವೂ ಇಲ್ಲ. 1921ರಲ್ಲಿ ಎಡಿತಳು ಸ್ಕೆನೆಕ್ಟಡಿಯನ್ನು ಬಿಟ್ಟು, ತುರ್ಕಿ ದೇಶದ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ, ಈಗಿನ ಇಸ್ತಾಂಬುಲಿಗೆ, ಭೌತಶಾಸ್ತ್ರದ ಅಧ್ಯಾಪಿಕೆಯಾಗಿ ಹೊರಟುಹೋದಳು. ಆಕೆ ಸೇರಿದ್ದು ಅಲ್ಲಿನ ಸ್ತ್ರೀಯರ ಕಾಲೇಜನ್ನು. ಇದು 1871ರಲ್ಲಿ ಅಮೇರಿಕದ ಮಿಶನ್ ಸ್ತ್ರೀಯರ ಸಂಘದಿಂದ ಒಂದು ಚಿಕ್ಕ ಬಾಲಿಕಾ ಪಾಠಶಾಲೆಯಾಗಿ ಆರಂಭವಾಗಿ, ಬಾಸ್ಫರಸ್ ಜಲಸಂಧಿಯ ದಡದಲ್ಲಿ ದೊಡ್ಡ ವಿದ್ಯಾಲಯವಾಗಿ ಬೆಳೆದಿತ್ತು. ಯುದ್ಧದಲ್ಲಿ ತುರ್ಕಿ ದೇಶವು ಸೋತದ್ದರಿಂದ ಆ ನಗರವು ಆಗ ಮಿತ್ರರಾಷ್ಟ್ರಗಳ ಸೈನ್ಯದ ವಶದಲ್ಲಿತ್ತು. ಅಂಥ ಕಾಲದಲ್ಲಿ, ಅಂಥ ಊರಿನಲ್ಲಿ, 38 ವರ್ಷದ ಈ ಸ್ತ್ರೀಯು ಪರದೇಶದ ಹೆಣ್ಣುಮಕ್ಕಳಿಗೆ ವಿಜ್ಞಾನವನ್ನು ಕಲಿಸಿದಳು.

ಆಕೆ ಕೋಪಿಸಿಕೊಂಡು ಹೋದಳೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ತನಗೆ ಸಲ್ಲತಕ್ಕದ್ದು ಸಲ್ಲದಿದ್ದಾಗ ವಾದಕ್ಕೂ ಅಳುವಿಗೂ ಹೋಗದೆ, ತನ್ನ ವಿದ್ಯೆಗೆ ಬೆಲೆಯಿರುವ ಸ್ಥಳಕ್ಕೆ ಹೋದಳು. ಅದರ ಫಲವೂ ಬೇಗನೆ ಕಾಣಿಸಿತು. 1922ರಲ್ಲಿ ಆಕೆ ಹಿಂದಿರುಗಿದಾಗ ಅದೇ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ವಿದ್ಯುತ್ ಕೇಂದ್ರಗಳ ಇಂಜಿನಿಯರಿಂಗ್ ವಿಭಾಗದಲ್ಲಿ ಆಕೆಯನ್ನು ನೇಮಿಸಿತು. ಈ ಸಾರಿ ಲೆಕ್ಕಗಾರ್ತಿಯಾಗಿ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರಾಗಿ. ಅಮೇರಿಕದಲ್ಲಿ ಆ ವೃತ್ತಿಯಲ್ಲಿ ಆ ಹೆಸರಿನಿಂದಲೇ ನೇಮಕಗೊಂಡ ಪ್ರಥಮ ಸ್ತ್ರೀಯೆಂದು ಆಕೆಯನ್ನು ಎಣಿಸುತ್ತಾರೆ. 1923ರಲ್ಲಿ ಆಕೆಯ ಲೆಕ್ಕದ ಉಪಕರಣದ ವಿವರವು ಕಂಪೆನಿಯ ಪತ್ರಿಕೆಯಲ್ಲಿ ಅಚ್ಚಾಯಿತು. 1925ರಲ್ಲಿ ಪೇಟೆಂಟ್ ಕೈಸೇರಿತು.

ಇಲ್ಲಿಂದ ಮುಂದೆ 23 ವರ್ಷಗಳ ಕಾಲ ಆಕೆ ಅದೇ ಕಂಪೆನಿಯಲ್ಲಿ ದುಡಿದಳು. ಕಚೇರಿಯ ದಿನಚರಿಯನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಆಕೆ ಬಿಡಿಸಿದ ಎರಡು ತೊಡಕುಗಳನ್ನಾದರೂ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲನೆಯದು ಸ್ಥಿರತೆಯ ಪ್ರಶ್ನೆ. ದೂರದೂರದ ವಿದ್ಯುತ್ ಕೇಂದ್ರಗಳನ್ನು ಒಂದೇ ಮಾರ್ಗಕ್ಕೆ ಜೋಡಿಸಿದಾಗ ಅವುಗಳ ಯಂತ್ರಗಳೆಲ್ಲಾ ಒಂದೇ ಲಯದಲ್ಲಿ ತಿರುಗಬೇಕು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಹಿಂದೆ ಬಿದ್ದರೆ ಇನ್ನೊಂದು ಅದನ್ನೆಳೆಯುವುದು. ಅಂತರ ಸ್ವಲ್ಪವಾಗಿದ್ದರೆ ಎರಡೂ ಸರಿಹೋಗುವವು. ಭಾರ ಮಿತಿಮೀರಿದರೆ ಹೆಜ್ಜೆ ತಪ್ಪಿ, ಬಂಡಿಯೇ ಮಗುಚುವುದು. ವಿದ್ಯುತ್ ಮಾರ್ಗವು ಎಷ್ಟು ಉದ್ದವಾದರೆ, ಎಷ್ಟು ಭಾರ ಹೊತ್ತರೆ ಯಂತ್ರಗಳ ಹೆಜ್ಜೆ ತಪ್ಪುವುದೆಂಬುದನ್ನು ಮೊದಲೇ ಎಣಿಸಿ ತಿಳಿಯುವುದು ಹೇಗೆ? 1926ನೆಯ ಇಸವಿ ಫೆಬ್ರವರಿ 8ನೆಯ ತಾರೀಖು, ಅಮೇರಿಕದ ಎಲೆಕ್ಟ್ರಿಕಲ್ ಇಂಜಿನಿಯರುಗಳ ಸಂಸ್ಥೆಯ ಸಭೆಯಲ್ಲಿ ಎಡಿತಳು ಎದ್ದು ನಿಂತು ಈ ವಿಷಯವಾಗಿ ಪ್ರಬಂಧವನ್ನು ಓದಿದಳು. 1884ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಒಬ್ಬ ಸ್ತ್ರೀಯು ತನ್ನ ಪ್ರಬಂಧವನ್ನು ತಾನೇ ಮಂಡಿಸಿದ್ದು ಅದೇ ಮೊದಲು. ಇದೇ ಪ್ರಶ್ನೆಯ ಮೇಲೆ ಸೆಲ್ಡನ್ ಕ್ರೇರಿ ಎಂಬ ಸಹೋದ್ಯೋಗಿಯೊಡನೆ ಆಕೆ ಬರೆದ ಪ್ರಬಂಧವು 1941ರಲ್ಲಿ ಆ ಸಂಸ್ಥೆಯ ರಾಷ್ಟ್ರೀಯ ಬಹುಮಾನವನ್ನು ಪಡೆಯಿತು.

ಎರಡನೆಯದನ್ನು ಹೇಳಲು ನಮ್ಮ ಹಳ್ಳಿಯ ಮನೆಗಳ ಅಂಗಳವನ್ನು ನೆನೆದುಕೊಳ್ಳುತ್ತೇನೆ. ಒಂದೇ ಒರಳಿನ ಸುತ್ತ ಮೂವರು ಹೆಂಗಸರು ನಿಂತು ಭತ್ತ ಕುಟ್ಟುವಾಗ ಮೂರು ಒನಕೆಗಳೂ ಸಮಾನವಾದ ಕಾಲಾಂತರದಲ್ಲಿ ಒಂದಾದ ಮೇಲೊಂದು ಏರಿ ಇಳಿಯುತ್ತವೆ; ಒಂದಕ್ಕೊಂದು ತಾಗುವುದಿಲ್ಲ. ದೊಡ್ಡ ವಿದ್ಯುತ್ ಮಾರ್ಗದ ಮೂರು ತಂತಿಗಳಲ್ಲಿ ವಿದ್ಯುತ್ತು ಏರಿಳಿಯುವುದು ಹೀಗೆಯೇ. ಎಲ್ಲಾ ಸರಿಯಾಗಿರುವಾಗ ಒಂದು ತಂತಿಯ ಲೆಕ್ಕದಿಂದ ಮೂರರದ್ದೂ ತಿಳಿಯುತ್ತದೆ. ಆದರೆ ಸಿಡಿಲು ಬಡಿದೋ, ಕೊಂಬೆ ಬಿದ್ದೋ ಒಂದು ತಂತಿ ಕೆಟ್ಟರೆ ಲಯ ತಪ್ಪಿ ಲೆಕ್ಕವು ಗೋಜಲಾಗುತ್ತದೆ. ಇಂಥ ಲಯ ತಪ್ಪಿದ ಪ್ರವಾಹಗಳನ್ನು ಲಯವುಳ್ಳ ಮೂರು ಗುಂಪುಗಳಾಗಿ ಬಿಡಿಸಬಹುದೆಂದು ಚಾರ್ಲ್ಸ್ ಫೋರ್ಟೆಸ್ಕ್ಯೂ ಎಂಬವರು 1918ರಲ್ಲಿ ತೋರಿಸಿದ್ದರು. ಎಡಿತಳು ಆ ಕ್ರಮವನ್ನು ನಿತ್ಯದ ಕೆಲಸಕ್ಕೆ ಒಗ್ಗಿಸಿದಳು. ಅಷ್ಟಕ್ಕೇ ನಿಲ್ಲದೆ, ಆಲ್ಫಾ, ಬೀಟಾ, ಸೊನ್ನೆ ಎಂಬ ಬೇರೆ ಮೂರು ಅಂಶಗಳಾಗಿ ಬಿಡಿಸುವ ಇನ್ನೊಂದು ಕ್ರಮವನ್ನು ಬೆಳೆಸಿದಳು. ಇದಕ್ಕೆ ಕ್ಲಾರ್ಕ್ ಪರಿವರ್ತನೆ ಎಂದೇ ಹೆಸರು. ವಿದ್ಯುತ್ತಿನಿಂದ ಓಡುವ ಇಂದಿನ ಬಂಡಿಗಳ ಮೋಟಾರುಗಳನ್ನು ಅಂಕೆಯಲ್ಲಿಡುವ ಯಂತ್ರಗಳು ಈ ಲೆಕ್ಕವನ್ನು ಕ್ಷಣಕ್ಕೆ ಸಾವಿರಾರು ಸಾರಿ ಮಾಡುತ್ತವೆ. ಮನುಷ್ಯರ ಹೆಸರಾಗಿದ್ದ ಕಂಪ್ಯೂಟರ್ ಎಂಬ ಶಬ್ದವು ಯಂತ್ರಕ್ಕೆ ಬಂದ ಮೇಲೆ, ಒಬ್ಬ ಕಂಪ್ಯೂಟರಳ ಹೆಸರು ಹೀಗೆ ಆ ಯಂತ್ರದೊಳಗೆ ಹೋಗಿ ಸೇರಿತು.

1923ರಿಂದ 1945ರವರೆಗೆ ಆಕೆ 18 ಪ್ರಬಂಧಗಳನ್ನು ಪ್ರಕಟಿಸಿದಳು. ಕಂಪೆನಿಗೆ ಹೊಸದಾಗಿ ಬರುತ್ತಿದ್ದ ತರುಣ ಇಂಜಿನಿಯರುಗಳಿಗೆ ಪಾಠ ಹೇಳಲು ಬರೆದಿಟ್ಟಿದ್ದ ಟಿಪ್ಪಣಿಗಳಿಂದ, ವಿದ್ಯುಚ್ಛಕ್ತಿ ವ್ಯವಸ್ಥೆಗಳ ಮಂಡಲಗಳ ವಿಮರ್ಶೆಯನ್ನು ಕುರಿತ ಗ್ರಂಥವೊಂದು ಹುಟ್ಟಿತು. ಅದರ ಮೊದಲ ಸಂಪುಟವು 1943ರಲ್ಲಿಯೂ ಎರಡನೆಯದು 1950ರಲ್ಲಿಯೂ ಹೊರಬಂದವು; ಅನೇಕ ಕಾಲೇಜುಗಳಲ್ಲಿ ಅದು ಪಠ್ಯವಾಯಿತು. ಉಪಾಧ್ಯಾಯಿನಿಯ ಟಿಪ್ಪಣಿ ಪುಸ್ತಕವನ್ನು ಹಳೆಯ ಕಾಗದದ ಬೆಲೆಗೆ ಮಾರಬಾರದೆಂದು ನಾನು ನಮ್ಮ ಶಿಕ್ಷಕಿಯರಿಗೆ ಹೇಳುವುದುಂಟು.

1945ರಲ್ಲಿ ಎಡಿತಳು ಕಂಪೆನಿಯ ಕೆಲಸದಿಂದ ನಿವೃತ್ತಳಾಗಿ, ಹುಟ್ಟಿದ ಸೀಮೆಯಾದ ಮೇರಿಲ್ಯಾಂಡಿನಲ್ಲಿ ಒಂದು ಹೊಲಮನೆಯನ್ನು ಕೊಂಡು ಅಲ್ಲಿ ನೆಲೆಸಿದಳು. ಆ ವಿಶ್ರಾಂತಿಯು ಎರಡು ವರ್ಷಕ್ಕೇ ಮುಗಿಯಿತು. 1947ರಲ್ಲಿ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾನಿಲಯವು ಆಕೆಯನ್ನು ಕರೆಯಿತು. 64ನೆಯ ವಯಸ್ಸಿನಲ್ಲಿ ಆಕೆ ಮತ್ತೆ ಕರಿಹಲಗೆಯ ಮುಂದೆ ನಿಂತಳು. ಆ ದೇಶದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕಲಿಸಿದ ಪ್ರಥಮ ಸ್ತ್ರೀ ಪ್ರೊಫೆಸರಳಾದಳು. 1948ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರುಗಳ ಸಂಸ್ಥೆಯು ಆಕೆಯನ್ನು ತನ್ನ ಫೆಲೋ ಆಗಿ ಆರಿಸಿತು. ಅಲ್ಲಿಯವರೆಗೆ ಆ ಗೌರವವು ಯಾವ ಸ್ತ್ರೀಗೂ ಸಂದಿರಲಿಲ್ಲ. 1954ರಲ್ಲಿ ಅಮೇರಿಕದ ಸ್ತ್ರೀ ಇಂಜಿನಿಯರುಗಳ ಸಂಘವು ಆಕೆಗೆ ತನ್ನ ಪ್ರಶಸ್ತಿಯನ್ನಿತ್ತಿತು.

ಟೆಕ್ಸಸ್ಸಿಗೆ ಬಂದ ಹೊಸದರಲ್ಲಿ ಪತ್ರಿಕೆಯವರು ವಿಚಾರಿಸಿದಾಗ ಆಕೆ ಹೇಳಿದ ಮಾತಿನ ತಾತ್ಪರ್ಯವೇನೆಂದರೆ, ಸ್ತ್ರೀ ವೈದ್ಯರು ಬೇಕೆಂದು ಜನರು ಕೇಳುವಂತೆ ಸ್ತ್ರೀ ಇಂಜಿನಿಯರುಗಳು ಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಒಳ್ಳೆಯ ಕೆಲಸ ಮಾಡುವವರು ಯಾವಾಗಲೂ ಬೇಕಾಗಿಯೇ ಇರುತ್ತಾರೆ. ವಿನಯದ ಮಾತು; ಆದರೂ ಇದನ್ನು ಪೂರ್ಣವಾಗಿ ಒಪ್ಪಲು ನನಗೆ ಕಷ್ಟವಾಗುತ್ತದೆ. ಒಳ್ಳೆಯ ಕೆಲಸವನ್ನು ಆಕೆ 1912ರಲ್ಲಿಯೂ ಮಾಡಿದಳು, 1919ರಲ್ಲಿಯೂ ಮಾಡಿದಳು. ಅದಕ್ಕೆ ತಕ್ಕ ಹೆಸರನ್ನು ಕೊಡಲು ಲೋಕವು 1922ರವರೆಗೆ ಕಾಯಿತು. ಆಕೆಗೆ ಕಾಯುವ ಬಲವಿತ್ತು, ಸಮುದ್ರವನ್ನು ದಾಟಿಹೋಗುವ ಧೈರ್ಯವಿತ್ತು, ತನ್ನದೆಂಬ ಹಣ ಸ್ವಲ್ಪವಿತ್ತು. ಅದೇ ಮೇಜುಗಳಲ್ಲಿ ಆಕೆಯ ಪಕ್ಕದಲ್ಲಿ ಕುಳಿತು ಅಷ್ಟೇ ತಪ್ಪಿಲ್ಲದೆ ಲೆಕ್ಕ ಮಾಡಿದ ಇತರರ ಮನೆಗಳಲ್ಲಿ ಎಂಥ ತಾಪತ್ರಯಗಳಿದ್ದವೋ ಯಾರು ಬಲ್ಲರು? ಹೆಣ್ಣುಮಕ್ಕಳಿಗೆ ಗಣಿತವೇಕೆ, ಬೇರೆ ಸುಲಭವಾದ ವಿಷಯ ಕೊಡಿ ಎಂದು ಕೇಳಿಕೊಂಡು ನಮ್ಮ ಕಚೇರಿಗೆ ಬರುವ ಹೆತ್ತವರನ್ನು ಕಂಡಾಗಲೆಲ್ಲಾ ಆ ಹೆಸರಿಲ್ಲದ ಮೇಜುಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಹತ್ತು ವರ್ಷ ಪಾಠ ಹೇಳಿ 1957ರಲ್ಲಿ ಎಡಿತಳು ವಿಶ್ವವಿದ್ಯಾನಿಲಯದಿಂದ ನಿವೃತ್ತಳಾಗಿ ಮೇರಿಲ್ಯಾಂಡಿಗೆ ಹಿಂದಿರುಗಿದಳು. 1959ನೆಯ ಇಸವಿ ಅಕ್ಟೋಬರ್ 29ನೆಯ ತಾರೀಖು, 76ನೆಯ ವಯಸ್ಸಿನಲ್ಲಿ, ಆ ಸಂಸ್ಥಾನದಲ್ಲಿಯೇ ದಿವಂಗತಳಾದಳು. 2015ರಲ್ಲಿ ಅಮೇರಿಕದ ರಾಷ್ಟ್ರೀಯ ಸಂಶೋಧಕರ ಸನ್ಮಾನ ಮಂದಿರದಲ್ಲಿ ಆಕೆಯ ಹೆಸರನ್ನು ಬರೆದರು. ಅಲ್ಲಿ ಆಕೆಯ ಹೆಸರಿನೊಡನೆ ಗುರುತಿಸಿರುವುದು, ಇನ್ನೂ ಲೆಕ್ಕಗಾರ್ತಿಯರ ಮೇಲ್ವಿಚಾರಕಿ ಎಂದೇ ಕರೆಯಲ್ಪಡುತ್ತಿದ್ದ 1921ರಲ್ಲಿ ಆಕೆ ಕಲ್ಪಿಸಿದ ಆ ರೇಖಾಪಟವನ್ನೇ.